ನೂರಕ್ಕೆ ಹದಿನೇಳು ಮೊಳಕೆ

ಹೊತ್ತು ಮೂಡುವ ಮುನ್ನವೇ ಚಿಕ್ಕಸಿದ್ದಮ್ಮ ಬೀಜದ ಫಾರಂನ ಜಗಲಿಯ ಮೇಲೆ ಕುಳಿತು ಒದ್ದೆ ಗೋಣಿಯ ಸುರುಳಿ ಬಿಚ್ಚುತ್ತಾರೆ. ಒಳಗಿರುವುದು ಐದು ದಿನದ ಹಿಂದೆ ಸುತ್ತಿಟ್ಟ ನೂರು ಅಲಸಂದೆ ಕಾಳು. ಬಹುಪಾಲು ಕೊಳೆತು ಲೋಳೆಯಾಗಿವೆ. ಮೊಳೆತದ್ದನ್ನು ಬೇರೆ ಮಾಡಿ ಎಣಿಸುತ್ತಾರೆ, ನಂಬದೆ ಮತ್ತೊಮ್ಮೆ ಎಣಿಸುತ್ತಾರೆ. ಹದಿನೇಳು. "ಓದ್ ವರ್ಸ ನಲವತ್ತೊಂದಿತ್ತು, ಅದ್ರಾಚೆ ವರ್ಸ ಎಪ್ಪತ್ತೆರಡು" ಎನ್ನುತ್ತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

ರಾವಂದೂರು ದಾರಿಯ ಈ ಪುಟ್ಟ ಸಂಶೋಧನಾ ಕೇಂದ್ರದಲ್ಲಿ ಅವರು ಇಪ್ಪತ್ತಾರು ವರ್ಷಗಳಿಂದ ದಿನಗೂಲಿ. ಓದಿದ್ದು ಮೂರನೇ ಕ್ಲಾಸು. ಆದರೆ ಹೂವಿಗೆ ಹೂವು ಕೂಡಿಸಿ ಹೊಸ ತಳಿ ಎಬ್ಬಿಸುವುದರಲ್ಲಿ ಎತ್ತಿದ ಕೈ. ಈಗ ನಿವೃತ್ತರಾಗಿರುವ ವಿಜ್ಞಾನಿ ರುದ್ರಸ್ವಾಮಿ ಕಲಿಸಿದ ವಿದ್ಯೆ ಅದು. "ಸಂಜೆ ಮೊಗ್ಗು ಬುಡ್ಸಿ ಗಂಡುಕೇಸರ ಕಿತ್ತು ಮಡಗೋದು. ಬೆಳಿಗ್ಗೆ ಬಿಸ್ಲು ಏರೋಕ್ ಮುಂಚೆ ಇನ್ನೊಂದು ಗಿಡದ ಹೂವಿನ ಪುಡಿ ಮುಟ್ಸೋದು. ಎಳೆಮಗ ಎತ್ಕೊಂಡಂಗೆ ಕಣ್ರೀ, ಒತ್ತುದ್ರೆ ಮುಗೀತು."

ಹೀಗೆ ಒಂಬತ್ತು ವರ್ಷ ಹೆಣಗಿದ ಮೇಲೆ ಹಳದಿ ರೋಗಕ್ಕೆ ಜಗ್ಗದ ತಳಿಯೊಂದು ಕೈಗೆ ಬಂತು. ಇನ್ನೆರಡು ಬೆಳೆ ಪರೀಕ್ಷಿಸಿದ್ದರೆ ರೈತರಿಗೆ ಕೊಡಬಹುದಿತ್ತು. ಅಷ್ಟರಲ್ಲಿ ಅಂಗಡಿಗಳಲ್ಲಿ ಕಂಪನಿ ಬೀಜದ ಪೊಟ್ಟಣಗಳು ತುಂಬಿದವು. ಇನ್ನು ಸರ್ಕಾರ ಬೀಜ ಹುಡುಕುವುದೇಕೆ ಎಂದು ಮೇಲಿನವರಿಗೆ ತೋರಿತು, ಸಂಶೋಧನೆಯ ಹಣ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ರುದ್ರಸ್ವಾಮಿಯವರ ಕುರ್ಚಿ ಖಾಲಿ, ಬೀಜವಿಡುವ ಫ್ರಿಜ್ಜು ಕೆಟ್ಟು ಮೂರು ವರ್ಷ, ಹೊಲದ ತುಂಬ ಪಾರ್ಥೇನಿಯಂ.

ನಿಲ್ಲದೆ ಉಳಿದದ್ದು ವರದಿ ಮಾತ್ರ. ಆ ತಳಿಯ ಬೀಜ ಜೀವಂತವಿದೆಯೇ ಎಂದು ವರ್ಷಕ್ಕೊಮ್ಮೆ ಮೇಲಿನಿಂದ ಕೇಳುತ್ತಾರೆ. ಹೇಳಬೇಕಾದರೆ ನೂರು ಕಾಳು ನೆನೆಹಾಕಬೇಕು. ಬಿತ್ತಲು ಅಪ್ಪಣೆಯಿಲ್ಲ, ಮೊಳೆತದ್ದೂ ಗೊಬ್ಬರದ ಗುಂಡಿಗೇ ಹೋಗಬೇಕು. ಬದುಕಿದೆಯೇ ಎಂದು ಕೇಳಿ ಕೇಳಿಯೇ ಸಾಯಿಸುವುದೆಂದರೆ ಇದೇ.

ಮನೆಯ ಹಿತ್ತಲಲ್ಲಿ ನಾಲ್ಕು ಕಾಳು ಊರಬಾರದೇ ಎಂದರೆ ಚಿಕ್ಕಸಿದ್ದಮ್ಮನಿಗೆ ಸಿಟ್ಟೇ ಬರುತ್ತದೆ. "ಬೀಜ ಗೇಟು ದಾಟಬಾರ್ದು, ಬೇರೇದ್ರ ಜತೆ ಬೆರ್ತೋದ್ರೆ ಎಲ್ಲಾ ಕೆಟ್ಟೋಯ್ತದೆ ಅಂದಿದ್ರು ರುದ್ರಸ್ವಾಮಿ ಸಾಹೇಬ್ರು. ಇಪ್ಪತ್ತಾರು ವರ್ಸದಲ್ಲಿ ಒಂದು ಕಾಳೂ ಸೆರಗಿಗೆ ಕಟ್ಕಂಡಿಲ್ಲ ನಾನು."

ಮೂರು ಕೇಂದ್ರಗಳನ್ನು ಮೈಸೂರಿನಿಂದಲೇ ನೋಡಿಕೊಳ್ಳುವ ಅಧಿಕಾರಿ ಮಹೇಶ್‌ಕುಮಾರ್ ಅವರಿಗೆ ಫೋನು ಹಚ್ಚುತ್ತಾರೆ. "ಸಾರ್, ಈ ಹದ್ನೇಳ್ನಾದ್ರೂ ಇಲ್ಲೇ ಒಂದು ಸಾಲು ನೆಟ್ಬುಡ್ಲಾ? ಕೂಲಿ ಬ್ಯಾಡ ನಂಗೆ."

"ಆರ್ಡರ್ ಇಲ್ದೆ ನೆಟ್ರೆ ನಾಳೆ ನನ್ನನ್ನೇ ಕೇಳ್ತಾರಮ್ಮ. ಹದಿನೇಳು ಅಲ್ವಾ? ಬರ್ಕೊಂಡೆ." ಅವರ ದನಿಯಲ್ಲೂ ಸಂಕಟವಿದೆ.

ಚಿಕ್ಕಸಿದ್ದಮ್ಮ ಮೊಳಕೆಗಳನ್ನು ಗುಂಡಿಗೆ ಹಾಕಿ ಬರುತ್ತಾರೆ. ಆಮೇಲೆ ಆ ತಳಿಯ ಬೀಜದ ಪೊಟ್ಟಣ ಬಿಚ್ಚಿ ಉಳಿದ ಕಾಳುಗಳನ್ನು ಅಂಗೈಗೆ ಸುರಿದುಕೊಳ್ಳುತ್ತಾರೆ. ಅರವತ್ತಿವೆ.

"ಬರೋ ವರ್ಸನೂ ನೂರಕ್ಕೆ ಎಷ್ಟು ಅಂತ ಕೇಳ್ತಾರೆ. ನೂರೇ ಇಲ್ವಲ್ಲ ಸ್ವಾಮಿ, ಏನಂತ ಬರ್ಸ್ಲಿ?"