ಬನ್ನಂಜೆಯ ಬಸ್ಸು ಬರುವವರೆಗೆ

ಕಾಪುವಿನ ಶಾಲೆಯ ಇಂಗ್ಲಿಷ್ ಟೀಚರ್ ಸಂಜೆ ಮನೆಗೆ ಹೋಗುವ ಬನ್ನಂಜೆಯ ಬಸ್ಸು ಬರುವವರೆಗೆ ನನ್ನ ಫೋಟೋ ಸ್ಟುಡಿಯೋದ ಬೆಂಚಿನಲ್ಲಿ ಕೂರುತ್ತಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಯಾರ ಹತ್ತಿರವೂ ‘ಓದಿ ಹೇಳಿ’ ಎಂದು ಕೇಳುವವನಲ್ಲ. ನಾನು ಕೇಳಬೇಕಾದ ಪ್ರಸಂಗವನ್ನೇ ಅವರು ತರಲಿಲ್ಲ. ನನ್ನ ಕೈಯಲ್ಲಿ ಇಂಗ್ಲಿಷ್ ಕಾಗದ ಕಂಡರೆ ಸಾಕು, “ಕೊಡು ಮಾರಾಯ, ನನಗೆ ಹೊತ್ತು ಹೋಗುವುದಿಲ್ಲ” ಎಂದು ಕೈ ಚಾಚುತ್ತಿದ್ದರು.

ಒಮ್ಮೆ ಆಯುಧಪೂಜೆಗೆ ಹೊಸ ಡಿಜಿಟಲ್ ಕ್ಯಾಮೆರಾದ ಲೆನ್ಸ್ ಬಿಚ್ಚಿಟ್ಟು ಕುಂಕುಮ ಹಾಕಿದ್ದೆ. ಪುಡಿ ಒಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಕೂತು, ದೀಪಾವಳಿಯ ಹೊತ್ತಿಗೆ ಪ್ರತಿ ಫೋಟೋದಲ್ಲೂ ಕಪ್ಪು ಚುಕ್ಕೆಗಳು. ಚುಕ್ಕೆ ಕಂಡ ಮರುದಿನವೇ ಕಾರ್ಕಳದಲ್ಲಿ ಮದುವೆಯ ಫೋಟೋ ಕೆಲಸ.

“ಪೂಜೆ ಮಾಡಿದ್ದು ಕ್ಯಾಮೆರಾಕ್ಕಾ, ಅದರ ಹೊಟ್ಟೆಗಾ?” ಎನ್ನುತ್ತಾ ಟೀಚರ್ ನಾನು ತಂದಿಟ್ಟ ಕ್ಲೀನಿಂಗ್ ಕಿಟ್ಟಿನ ಇಂಗ್ಲಿಷ್ ಚೀಟಿ ಓದಿದರು. ಮೇಲೆ ‘ಸೆನ್ಸರ್ ಮುಟ್ಟಬೇಡಿ’ ಎಂದಿತ್ತು, ಕೆಳಗೆ ‘ಒತ್ತಿ ಒರೆಸಿ’ ಎಂದಿತ್ತು. ಇನ್ನೊಮ್ಮೆ ಓದಿ ಕನ್ನಡಕ ತೆಗೆದರು.

“ನನಗೂ ಎಂತ ಅಂತ ಗೊತ್ತಾಗುವುದಿಲ್ಲ. ಬರೆದವನಿಗಾದರೂ ಗೊತ್ತುಂಟಾ ಇಲ್ವಾ! ನೀನು ಒರೆಸು, ನಾನು ಟಾರ್ಚ್ ಹಿಡಿಯುತ್ತೇನೆ.”

ಹೊರಗೆ ಅವರ ಬಸ್ಸು ಬಂದು ನಿಂತು, ಅವರಿಲ್ಲದೆ ಹೊರಟಿತು. ಟಾರ್ಚ್ ಅಲುಗಲಿಲ್ಲ. ಚುಕ್ಕೆಗಳು ಹೋದವು.

ಟೀಚರ್ ಈಗಿಲ್ಲ. ಈಗಿನ ಕ್ಯಾಮೆರಾ ತನ್ನ ಧೂಳನ್ನು ತಾನೇ ಕೊಡವಿಕೊಳ್ಳುತ್ತದೆ. ಆದರೂ ಹೊಸ ಸಾಮಾನಿನ ಪೆಟ್ಟಿಗೆ ಬಿಚ್ಚಿದಾಗ ಅದರ ಚೀಟಿಯನ್ನು ಆ ಬೆಂಚಿನ ಮೇಲಿಟ್ಟು, ಬನ್ನಂಜೆಯ ಬಸ್ಸು ಹೋಗುವವರೆಗೆ ಅಲ್ಲೇ ಬಿಡುತ್ತೇನೆ.