ಮುನಿಯಕ್ಕ ತೆಗೆದುಕೊಂಡ ವೀಳ್ಯ

ಬೂದಿಕೋಟೆ ರಸ್ತೆಯ ಧರ್ಮಾಸ್ಪತ್ರೆಯಲ್ಲಿ ಆಯಾ ಆಗಿರುವ ಮುನಿನಾರಾಯಣಮ್ಮ ಸುತ್ತಲ ಹಳ್ಳಿಗಳಿಗೆಲ್ಲ ಮುನಿಯಕ್ಕ. ನನ್ನ ಮಗಳನ್ನು ಮೊದಲು ಕೈಗೆತ್ತಿಕೊಂಡವಳು ಅವಳೇ. ಕೂಸು ಅಳುವ ತನಕ ತುಟಿ ಬಿಚ್ಚದೆ ನಿಂತಿದ್ದು, ಅತ್ತ ಮೇಲೆ ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದಳು: "ಏನಮ್ಮಾ ನಿನ್ನ ಕೂಗು! ಬಂಗಾರಪೇಟೆ ಟೇಸನ್ನಾಗೆ ರೈಲು ನಿಂತೋಯ್ತು ಕಣೆ!"

ಅವಳ ಗಂಡ ಉರಿಗಾಂ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವನು. ಕೆಮ್ಮಿ ಕೆಮ್ಮಿಯೇ ಹೋದ. ಮಕ್ಕಳಿರಲಿಲ್ಲ. ತವರಿಗೆ ಬಂದವಳು ಆಸ್ಪತ್ರೆಯ ಕಸ ಗುಡಿಸಲು ಸೇರಿಕೊಂಡಳು. ಒಂದು ದಿನ ಹೆರಿಗೆ ಕೋಣೆಯಲ್ಲಿ ಕೈ ಸಾಲದೆ ಡಾಕ್ಟ್ರಮ್ಮ ಇವಳನ್ನು ಕೂಗಿದರು. ಪೊರಕೆ ಬಿಸಾಕಿ ಒಳಗೆ ಹೋದವಳು ಮತ್ತೆ ಪೊರಕೆ ಹಿಡಿಯಲಿಲ್ಲ.

ನಮ್ಮ ಕಡೆ ಒಂದು ರೂಢಿ ಉಂಟು. ಏಳನೇ ತಿಂಗಳಲ್ಲಿ ಬಸುರಿಯ ತಾಯಿ ಎಲೆ, ಅಡಿಕೆ, ಅರಿಶಿನದ ಕೊಂಬು ತಂದು ಮುನಿಯಕ್ಕನ ಮಡಿಲಿಗೆ ಹಾಕುವುದು. ಅವಳು ತೆಗೆದುಕೊಂಡರೆ, ನೋವಿನ ಹೊತ್ತಿಗೆ ಪಕ್ಕದಲ್ಲಿರುತ್ತೇನೆಂದು ಮಾತು ಕೊಟ್ಟ ಹಾಗೆ. ಬೇಡ ಅಂದರೆ ಹೊಟ್ಟೆಯೊಳಗಿನ ಕೂಸಿಗೇ ಬೇಡ ಅಂದಂತೆ. ಆಸ್ಪತ್ರೆಯವರು ಬರೆದುಕೊಡುವ ಚೀಟಿಯನ್ನು ಜನ ಎಲ್ಲೋ ಕಳೆದುಬಿಡುತ್ತಿದ್ದರು, ವೀಳ್ಯ ಕೊಟ್ಟದ್ದನ್ನು ಮಾತ್ರ ಯಾರೂ ಮರೆಯುತ್ತಿರಲಿಲ್ಲ.

ಈ ಯುಗಾದಿ ಆದಮೇಲೆ ಧರ್ಮಾಸ್ಪತ್ರೆಯನ್ನು ಒಂದು ದೊಡ್ಡ ಟ್ರಸ್ಟಿನವರು ತಮ್ಮ ಆಸ್ಪತ್ರೆಗೆ ಸೇರಿಸಿಕೊಂಡರು. ಉರಿಗಾಂ ಕಡೆ ಇರುವ ಅವರ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನು, ರಕ್ತ, ಎಲ್ಲಾ ಉಂಟಂತೆ. ಡಾಕ್ಟ್ರಮ್ಮ ಅಲ್ಲಿಗೆ ಹೋದರು, ಜೀಪೂ ಹೋಯಿತು, ಹೆರಿಗೆ ಮಂಚವೂ ಹೋಯಿತು. ಇಲ್ಲಿ ಉಳಿದದ್ದು ಜ್ವರದ ಮಾತ್ರೆ, ಮಕ್ಕಳ ಸೂಜಿ, ಕಾಂಪೌಂಡರ್ ಕೋದಂಡಪ್ಪ, ಮುನಿಯಕ್ಕ. ಹೆರಿಗೆಗೆ ಉರಿಗಾಂಗೆ ಹೋಗಬೇಕೆಂದು ಗೋಡೆಯ ಮೇಲೆ ಬರೆಸಿದರು. ಅದನ್ನು ಓದುವವರು ಯಾರು? ಹಳ್ಳಿಯ ಹೆಂಗಸರು ಮುನಿಯಕ್ಕನ ಮುಖ ಓದುತ್ತಿದ್ದರು. ಅವಳು ವೀಳ್ಯ ತೆಗೆದುಕೊಳ್ಳುತ್ತಲೇ ಇದ್ದಳು.

"ಯಾಕಕ್ಕ ತಗೋತೀಯ?" ಅಂತ ನಾನೇ ಒಮ್ಮೆ ಕೇಳಿದ್ದೆ.

"ಒಟ್ಟೆ ಒತ್ತುಕೊಂಡು ಬಂದೋಳ ಮುಂದೆ ಬ್ಯಾಡ ಅಂತ ಎಂಗೆ ಅನ್ಲಿ? ದಿನ ಅತ್ರ ಬಂದಾಗ ಏಳ್ತೀನಿ ಬುಡು."

ಮೊನ್ನೆ ಮಂಗಳವಾರ ಮಗಳಿಗೆ ಸೂಜಿ ಹಾಕಿಸಲು ಹೋಗಿದ್ದೆ. ಮಧ್ಯಾಹ್ನದ ಬಿಸಿಲು. ಗೇಟಿನೊಳಗೆ ಎತ್ತಿನ ಗಾಡಿ ನುಗ್ಗಿತು. ಹುಲ್ಲಿನ ಮೇಲೆ ಜಮಖಾನ ಹಾಸಿ ಮಲಗಿಸಿದ್ದ ಹುಡುಗಿ ರತ್ನ, ಚೊಚ್ಚಲ ಬಸುರಿ. ತಲೆ ಹತ್ತಿರ ಅವಳ ತಾಯಿ ಚಿಕ್ಕವೆಂಕಟಮ್ಮ, ಮುಂದೆ ಹಗ್ಗ ಹಿಡಿದ ತಂದೆ ಕದಿರಪ್ಪ.

"ಮುನಿಯಕ್ಕಾ, ಬಂದ್ವಿ ಕಣೇ! ಬೆಳಿಗ್ಗೆಯಿಂದ ನೋವು. ನೀರಿಗಿಡು!" ಎಂದಳು ಚಿಕ್ಕವೆಂಕಟಮ್ಮ, ತನ್ನ ಮನೆಗೇ ಬಂದ ಹಾಗೆ.

ಮುನಿಯಕ್ಕ ಗಾಡಿಯ ಹತ್ತಿರ ಓಡಿದಳು. "ಇನ್ನೂ ದಿನ ಐತಲ್ಲಮ್ಮಾ..."

"ಕೂಸು ದಿನ ನೋಡಿಕೊಂಡು ಬತ್ತದಾ?"

ಕೋದಂಡಪ್ಪ ಓಡಿಬಂದ. "ಇಳಿಸಬ್ಯಾಡಿ! ಇಲ್ಲಿ ಹೆರಿಗೆ ಇಲ್ಲ. ಡಾಕ್ಟ್ರಿಲ್ಲ, ಮಂಚ ಇಲ್ಲ. ಗೋಡೆ ಮೇಲೆ ಬರೆಸಿಲ್ವಾ?"

"ಗೋಡೆ ನಂಗೇನು ಮಾತು ಕೊಟ್ಟಿತ್ತೇನಯ್ಯಾ?" ಚಿಕ್ಕವೆಂಕಟಮ್ಮ ಮುನಿಯಕ್ಕನ ಕಡೆ ತಿರುಗಿದಳು. "ಇವಳು ವೀಳ್ಯ ತಗೊಂಡವ್ಳೆ. ಏಳು ಇವನಿಗೆ!"

ಮುನಿಯಕ್ಕ ಗಾಡಿ ಹತ್ತಿ ರತ್ನಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಮೇಲೆ ಒತ್ತಿದಳು, ಪಕ್ಕಗಳನ್ನು ಒತ್ತಿದಳು. ಇಳಿದು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು: "ಕೂಸು ಅಡ್ಡ ಮಲಗೈತೆ ಕಣೇ. ಡಾಕ್ಟ್ರಮ್ಮ ಇಲ್ಲೇ ಇದ್ದಿದ್ರೂ ಜೀಪಿನಾಗೆ ಕಳಿಸೋರು. ಈಗ ಜೀಪೂ ಇಲ್ಲ." ಆಮೇಲೆ ಗಾಡಿಯ ಕಡೆ ಕೂಗಿದಳು: "ಕದಿರಣ್ಣಾ, ತಿರುಗಿಸು ಗಾಡಿ! ಟೇಸನ್ನಿಗೆ ಒಡಿ. ಉರಿಗಾಂಗೆ ಓಗೋ ಮಾರಿಕುಪ್ಪಂ ರೈಲು ಸಿಕ್ಕಬೇಕು."

"ಈಗ ಅಟ್ತೀಯಾ ನಮ್ಮನ್ನ?" ಚಿಕ್ಕವೆಂಕಟಮ್ಮ ಅವಳ ಸೆರಗು ಹಿಡಿದೆಳೆದಳು. "ಅಲ್ಲಿಗೇ ಓಗಬೇಕಾಗಿದ್ರೆ ಬೆಳಿಗ್ಗೇನೇ ರೈಲು ಅತ್ತುತಿದ್ವಿ! ನಿನ್ನ ನಂಬಿ ಈ ದಿಕ್ಕಿಗೆ ಬಂದ್ವಿ!"

"ಬೈಯಿ, ಗಾಡಿಯಾಗೆ ಕೂತು ಬೈಯಿ. ಇಲ್ಲಿ ನಿಂತ್ರೆ ಎರಡು ಜೀವಾನೂ ಓಯ್ತವೆ!"

ಆ ಮಾತಿಗೆ ಕದಿರಪ್ಪ ಎತ್ತುಗಳನ್ನು ತಿರುಗಿಸಿಬಿಟ್ಟ. ಹಿಡಿದುಕೊಳ್ಳಲು ಇನ್ನೊಬ್ಬರು ಬೇಕೆಂದು ಮುನಿಯಕ್ಕ ನನ್ನನ್ನೂ ಹತ್ತಿಸಿಕೊಂಡಳು. ಮಗಳನ್ನು ಸೆರಗಿನಲ್ಲಿ ಬಿಗಿದು ಕಟ್ಟಿಕೊಂಡು ರತ್ನಳ ಕಾಲು ಹಿಡಿದು ಕೂತೆ. ಗಾಡಿ ಕುಲುಕಿದಾಗಲೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು. ಹೊರಡುವಾಗ ಕೋದಂಡಪ್ಪ ಹಿಂದಿನಿಂದ, "ಡ್ಯೂಟಿ ಬಿಟ್ಟು ಹೋದ್ರೆ ನಾನು ಜವಾಬ್ದಾರನಲ್ಲ!" ಎಂದು ಕೂಗಿದ್ದು ಮುನಿಯಕ್ಕನ ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು.

ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಮುಗಿಯುವಂತೆಯೇ ಕಾಣಲಿಲ್ಲ. ಆ ಕಡೆ ಪ್ಲಾಟ್‌ಫಾರಮ್ಮಿನಲ್ಲಿ ನಮ್ಮ ರೈಲು ನಿಂತಿತ್ತು. ಗೂಡ್ಸಿನ ಕೊನೆಯ ಡಬ್ಬಿ ದಾಟಿದ್ದೇ ಮುನಿಯಕ್ಕ ಗೇಟಿನ ಕೆಳಗೆ ನುಸುಳಿ ಓಡಿದಳು. ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡು, ಗಾರ್ಡಿಗೆ ಎರಡೂ ಕೈ ಬೀಸುತ್ತ. ನಾವು ತಲುಪಿದಾಗ ಗಾರ್ಡು ಹಸಿರು ಬಾವುಟ ಮಡಿಸಿ ಹಿಡಿದು ನಿಂತಿದ್ದ. ಶಿಫ್ಟಿಗೆ ಹೊರಟಿದ್ದ ಗಣಿಯವರು ಜಮಖಾನದ ನಾಲ್ಕು ಮೂಲೆ ಹಿಡಿದು ರತ್ನಳನ್ನು ಒಳಗೆ ಎತ್ತಿಕೊಂಡರು. ಬೆಂಚು ಖಾಲಿ ಮಾಡಿ ಎಲ್ಲರೂ ಬಾಗಿಲ ಕಡೆ ಮುಖ ಮಾಡಿ ನಿಂತರು.

ದಾರಿಯುದ್ದಕ್ಕೂ ಮುನಿಯಕ್ಕ ಒಂದೇ ಮಾತು ಹೇಳುತ್ತಿದ್ದಳು. "ಮುಕ್ಕಬ್ಯಾಡ ಮಗಾ, ಕೂಸನ್ನ ಕೆಳಕ್ಕೆ ತಳ್ಳಬ್ಯಾಡ. ಉಸಿರು ಬುಡು. ಮುಕ್ಕಬ್ಯಾಡ." ರತ್ನ ಅವಳ ಮುಂಗೈ ಹಿಡಿದಿದ್ದಳು. ಉಗುರು ನಾಟಿ ರಕ್ತ ಬಂದಿತ್ತು. ಉರಿಗಾಂನಲ್ಲಿ ಇಳಿದಾಗ ಆ ಗಣಿಯವರೇ ರತ್ನಳನ್ನು ಜಮಖಾನದಲ್ಲಿ ಆಸ್ಪತ್ರೆಗೆ ಹೊತ್ತರು.

ದೊಡ್ಡಾಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ತಮಿಳಿನ ನರ್ಸು ಅಡ್ಡ ಬಂದಳು. "ಒರುತ್ತರ್ ದಾನ್! ಒಬ್ಬರೇ ಒಳಗೆ. ಯಾರು ಇವಳ ಕಡೆಯೋರು?"

ಚಿಕ್ಕವೆಂಕಟಮ್ಮ ಮುಂದೆ ಬಂದಳು. ರತ್ನ ಮುನಿಯಕ್ಕನ ಕೈ ಬಿಡಲಿಲ್ಲ. ನರ್ಸು "ಸೀಕ್ರಂ, ಸೀಕ್ರಂ" ಎಂದು ಅವಸರ ಮಾಡಿದಳು.

"ಓಗೇ," ಎಂದಳು ಚಿಕ್ಕವೆಂಕಟಮ್ಮ ಹಿಂದೆ ಸರಿದು. "ಪಕ್ಕದಾಗಿರ್ತೀನಿ ಅಂದೋಳು ನೀನು. ನನ್ನ ಮಗಳಿಗೆ ಏನಾದ್ರೂ ಆಯ್ತೋ, ನೀನು ಆಚೆ ಬರಬ್ಯಾಡ."

ಬಾಗಿಲು ಮುಚ್ಚಿತು. ಕದಿರಪ್ಪ ಎತ್ತಿನ ಗಾಡಿಯನ್ನು ಸ್ಟೇಷನ್ನಿನಲ್ಲಿ ಯಾರಿಗೋ ಒಪ್ಪಿಸಿ ಬಂದಿದ್ದವನು, ಒಂದು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ನನ್ನ ಮಗಳು ಹಸಿದು ಅತ್ತಳು. ಮೂಲೆಗೆ ತಿರುಗಿ ಹಾಲು ಕೊಟ್ಟೆ. ಚಿಕ್ಕವೆಂಕಟಮ್ಮ ಬಂದು ನನ್ನ ಪಕ್ಕ ಕೂತು, ಕೂಸಿನ ಪಾದ ಹಿಡಿದುಕೊಂಡಳು. ಹೊಟ್ಟೆ ಕೊಯ್ದು ತೆಗೆಯಬೇಕು ಎಂದು ಒಬ್ಬರು ಬಂದು ಹೇಳಿ ಕದಿರಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು.

ದೀಪ ಹಚ್ಚುವ ಹೊತ್ತಿಗೆ ನಮ್ಮ ಹಳೇ ಡಾಕ್ಟ್ರಮ್ಮನೇ ಹೊರಗೆ ಬಂದರು. ಹೆಣ್ಣು ಮಗು. ತಾಯಿಗೂ ಅಪಾಯವಿಲ್ಲ. "ಇನ್ನೊಂಚೂರು ತಡವಾಗಿದ್ರೆ ನನ್ನ ಕೈಲೂ ಆಗ್ತಿರಲಿಲ್ಲ," ಎಂದರು.

ಹಿಂದೆಯೇ ಮುನಿಯಕ್ಕ ಬಂದಳು. ಚಿಕ್ಕವೆಂಕಟಮ್ಮ ಎದ್ದು ಅವಳ ಎರಡೂ ಭುಜ ಹಿಡಿದಳು. ತಬ್ಬಿಕೊಳ್ಳುತ್ತಾಳೆಂದುಕೊಂಡೆ. ಅಲ್ಲಾಡಿಸಿದಳು. "ಬ್ಯಾಡ ಅಂತ ಒಂದು ಮಾತು ಅನ್ನಕ್ಕೆ ಏನಾಗಿತ್ತೇ ನಿಂಗೆ? ಒಂದೇ ಒಂದು ಮಾತು!"

ರಾತ್ರಿ ರೈಲಿಗೆ ನಾನೂ ಮುನಿಯಕ್ಕನೂ ವಾಪಸು ಹೊರಟೆವು. ಬಂಗಾರಪೇಟೆಯಲ್ಲಿ ಇಳಿದ ಮೇಲೆ ಅವಳು ಕೇಳಿದಳು, "ನಾಳೆ ನಿಂಗೆ ಬಿಡುವೈತಾ? ಇನ್ನೂ ಐದಾರು ಮನೆಯವ್ರು ನನ್ನನ್ನೇ ನಂಬ್ಕೊಂಡವ್ರೆ. ಒಬ್ಳೇ ಓಗಕ್ಕೆ ಎದೆ ಬರಲ್ಲ."

ಮರುದಿನ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಅವಳ ಜೊತೆ ಹೋದೆ. ಎರಡು ಮನೆಯವರು ಅವಳು ಹೆರಿಗೆಗೆ ತನ್ನ ಹತ್ತಿರ ಬರಬೇಡಿ ಎಂದದ್ದನ್ನು ಕೇಳಿಕೊಂಡರು. ಮೂರನೆಯದರಲ್ಲಿ ಬಸುರಿಯ ಅತ್ತೆ ಜಗಲಿಯಿಂದ ಏಳಲೇ ಇಲ್ಲ. "ಮಾತು ಕೊಟ್ಟು ತಿರುಗಿಸ್ತಾವಳೆ. ನಾಚಿಕೆ ಆಗಕಿಲ್ವಾ?"

"ಆಯ್ತದೆ ಕಣಮ್ಮಾ. ಅದಕ್ಕೇ ನಡಕೊಂಡು ಬಂದಿವ್ನಿ. ನೋವು ಜೋರಾಗೋ ಗಂಟ ಕಾಯಬ್ಯಾಡ್ರಿ. ಧರ್ಮಾಸ್ಪತ್ರೆ ಕಡೆ ತಿರುಗಬ್ಯಾಡ್ರಿ. ಟೇಸನ್ನಿಗೇ ಓಗ್ರಿ."

ಕೂರಿ ಎನ್ನಲಿಲ್ಲ, ನೀರೂ ಕೊಡಲಿಲ್ಲ. ನಾವು ಬೇಲಿ ದಾಟುವಾಗ ಬಸುರಿ ಹುಡುಗಿ ದನದ ಕೊಟ್ಟಿಗೆಯ ಹಿಂದಿನಿಂದ ಬಂದು, ಅತ್ತೆಗೆ ಕೇಳದಂತೆ ಕರೆದಳು.

"ಅಕ್ಕಾ, ರೈಲು ಯಾವ್ಯಾವ ಒತ್ತಿಗೆ?"

ಮುನಿಯಕ್ಕ ನಿಂತು ಬೆಳಗಿನ ರೈಲಿನಿಂದ ಶುರು ಮಾಡಿದಳು.