ಜರ್ಮನ್ ಕ್ಯಾಪ್ಟನ್‌ಗೆ ನಾನು ಹಾಕದ ಎಲೆ

ನಮ್ಮ ಫ್ಲಾಟಿನಲ್ಲಿ ಜರ್ಮನ್ ಕ್ಯಾಪ್ಟನ್‌ನ ಪ್ರೇತಕ್ಕೆ ಊಟ ಹಾಕಿದರೆಂದು ಬಿಲ್ಡಿಂಗಿನಲ್ಲೆಲ್ಲ ಸುದ್ದಿಯಾಗಿತ್ತು. ಅದು ಸುಳ್ಳು. ಅವನ ಮಗ ತಾವು ಮಾಡಬೇಕಾದ ಕೆಲಸವನ್ನು ನನ್ನಿಂದ ಮಾಡಿಸಲು ನೋಡಿದರು, ನಾನು ಒಪ್ಪಲಿಲ್ಲ. ನಡೆದದ್ದು ಇಷ್ಟೇ.

2014ರ ದೀಪಾವಳಿ. ನಾನು ದುಬೈಯಲ್ಲಿ ಮಗಳ ಮನೆಯಲ್ಲಿದ್ದೆ. ನಮ್ಮ ಉಡುಪಿ ಕಡೆ ಆ ಹೊತ್ತಿಗೆ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದು ಬಡಿಸಿ, ಹೆಸರು ಹೇಳಿ ಕರೆದು, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಅವರು ಉಣ್ಣುವುದನ್ನು ನಾವು ನೋಡಬಾರದು. ನನ್ನ ಗಂಡನಿಗೆ ಕೋಳಿ ಸಾರು, ನೀರುದೋಸೆ ಬಡಿಸಿ ನಾನು, ಮಗಳು, ಮೊಮ್ಮಗಳು ಕಾರಿಡಾರಿನಲ್ಲಿ ನಿಂತೆವು.

ಪಕ್ಕದ ಫ್ಲಾಟಿನ ಜರ್ಮನ್ ಮುದುಕರೊಬ್ಬರು ಹೊರಗೆ ಬಂದು, ಕೀ ಒಳಗೆ ಉಳಿಯಿತೇ, ವಾಚ್‌ಮನ್ನನ್ನು ಕರೆಯಲೇ ಎಂದು ಕೇಳಿದರು. ಮೊಮ್ಮಗಳು ಇಂಗ್ಲಿಷಿನಲ್ಲಿ ವಿಷಯ ಹೇಳಿದಳು. ಅವರು ನಗಲಿಲ್ಲ. ಒಳಗೆ ಹೋಗಿ ಸಣ್ಣ ಪೆಟ್ಟಿಗೆ ತಂದರು. ಅದರಲ್ಲಿ ಕಪ್ಪು ಶಿಲುಬೆಯಂಥ ಪದಕ.

ಅದು ಅವರ ಅಪ್ಪನದಂತೆ. ಹಿಟ್ಲರನ ಯುದ್ಧದಲ್ಲಿ ಸಣ್ಣ ಆಫೀಸರನಾಗಿ ಪೋಲೆಂಡಿಗೆ ಹೋದವನು, ಫ್ರಾನ್ಸಿನ ಯುದ್ಧ ಮುಗಿಯುವಾಗ ಕ್ಯಾಪ್ಟನ್. ರಷ್ಯಾದ ಹಿಮದಲ್ಲಿ ಕಾಲಿನ ಬೆರಳುಗಳು ಹೋದವು. ಅಲ್ಲೇ ಒಂದು ಸೇತುವೆಯನ್ನು ಬಿಟ್ಟುಕೊಡದೆ ಕಾದದ್ದಕ್ಕೆ ಈ ಪದಕ. ಆಮೇಲೆ ಸೆರೆ. ಬಿಡುಗಡೆಯಾಗಿ ಬಂದ ಮೇಲೆ ಹಾಲಿನ ವ್ಯಾನ್ ಓಡಿಸಿದನಂತೆ.

"ನಮ್ಮ ಮನೆಯಲ್ಲಿ ಯಾರೂ ಅವನ ಹೆಸರು ಎತ್ತುವುದಿಲ್ಲ. ಅವನಿಗೂ ಒಂದು ಎಲೆ ಹಾಕುತ್ತೀರಾ?" ಎಂದರು.

"ಯಾಕೆ ಎತ್ತುದಿಲ್ಲ ಅಂತ ಕೇಳು," ಎಂದೆ ಮೊಮ್ಮಗಳಿಗೆ.

"ಅಜ್ಜೀ, ದಟ್ಸ್ ಸೋ ರೂಡ್!"

"ಉಣ್ಲಿಕ್ಕೆ ಬರುವವ ಎಂಥವ ಅಂತ ನನಗೆ ಗೊತ್ತಾಗ್ಬೇಕಲ್ಲ ಮಾರಾಯ್ತಿ. ಕೇಳು."

ಕೇಳಿದಳು. ಮುದುಕರು ನೆಲ ನೋಡಿದರು. ಸೇತುವೆಯ ಪಕ್ಕ ಒಂದು ಹಳ್ಳಿ ಇತ್ತಂತೆ. ಸುಡಲು ಹೇಳಿದ್ದು ಅಪ್ಪನೇ. ಮನೆಗಳಲ್ಲಿ ಜನ ಇದ್ದರು.

ಮಗಳು ನನ್ನ ಕೈ ಹಿಡಿದಳು. "ಖಲಾಸ್, ಸಾಕು ಅಮ್ಮ. ಅಪ್ಪನ ಎಲೆ ಹತ್ರ ಅಂಥವನಿಗೆ ಬೇಡ."

"ಅವನಿಗೆ ಯಾರು ಹಾಕ್ತಾರೆ? ಆ ಹಳ್ಳಿಯವರಿಗೆ ಹಾಕ್ತೇನೆ. ಅವರಿಗೆ ಬಡಿಸ್ಲಿಕ್ಕೆ ಮನೆಯಲ್ಲಿ ಯಾರು ಉಳಿದಿದ್ದಾರೆ?"

ನನ್ನ ಗಂಡ ಉಂಡು ಏಳುವಷ್ಟು ಹೊತ್ತಾಗಿತ್ತು; ಬಾಗಿಲು ತೆಗೆದು ಇನ್ನೊಂದು ಎಲೆ ಹಾಕಿ ಬಡಿಸಿದೆ. ಮುದುಕರು ಹೇಳಿದ ಹಳ್ಳಿಯ ಹೆಸರು ನನ್ನ ನಾಲಗೆಗೆ ಬರಲಿಲ್ಲ. "ಸೇತುವೆ ಹತ್ರದವರೇ, ಬನ್ನಿ, ಉಣ್ಣಿ," ಎಂದು ಕರೆದು ಮತ್ತೆ ಬಾಗಿಲು ಮುಚ್ಚಿದೆ. ಮುದುಕರು ತಲೆ ತಗ್ಗಿಸಿ ನಮ್ಮ ಜೊತೆಗೇ ನಿಂತಿದ್ದರು. ಕೊನೆಗೆ, ಅಪ್ಪನಿಗೆ ಇಲ್ಲವೇ ಎಂದು ಕೇಳಿದರು.

"ಇಲ್ಲ ಅಂತ ಹೇಳು," ಎಂದೆ. ತಲೆಯಾಡಿಸಿ ಒಳಗೆ ಹೋದರು.

ನಾನು ಮಾಡಿದ್ದು ಸರಿ ಎಂದೇ ಇವತ್ತಿಗೂ ನನ್ನ ಲೆಕ್ಕ. ಆದರೆ ಆ ಮುಖ ಮರೆತಿಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗಳನ್ನು ಕರೆದುಕೊಂಡು, ಒಂದು ಬಾಳೆಲೆ ಹಿಡಿದು ಅವರ ಬಾಗಿಲು ತಟ್ಟಿದೆ. "ಹಳ್ಳಿಯವರದ್ದು ನಿನ್ನೆ ಆಯ್ತು. ನಿಮ್ಮಪ್ಪನಿಗೆ ನೀವೇ ಬಡಿಸಿ. ಮಗ ನೀವಲ್ವಾ? ಅವರಿಗೆ ಎಂತ ಇಷ್ಟ?"

ಬಟಾಟೆ, ಬೆಣ್ಣೆ ಎಂದರು. ಬೇಯಿಸಲು ಹೇಳಿದೆ. ಎಲೆಗೆ ಅವರೇ ಬಡಿಸಿದರು, ನಾನು ಸಹಾಯಕ್ಕೆ ಹೋಗಲಿಲ್ಲ. ಅಪ್ಪನ ಹೆಸರನ್ನು ಗಟ್ಟಿಯಾಗಿ ಹೇಳಿಸಿದೆ. ಆಮೇಲೆ ಅವರನ್ನು ಹೊರಗೆ ಕರೆದು, ಬಾಗಿಲು ಮುಚ್ಚಿಸಿ, ಅವರ ಅಪ್ಪ ಉಂಡು ಏಳುವವರೆಗೆ ಜೊತೆಗೆ ನಿಂತೆ.